ಹಳದಿ ಪಟ್ಟಿಯೂ ಉಣುಗೋಲೂ

ನಮ್ಮ ಕಡೆಯ ಉಣುಗೋಲನ್ನು ನೀವು ನೋಡಿರಬಹುದು: ದಾರಿಯ ಎರಡು ಬದಿಗೆ ಎರಡು ಗೂಟ, ಅವುಗಳ ತೂತಿನಲ್ಲಿ ಅಡ್ಡ ಸಿಕ್ಕಿಸಿದ ಬಿದಿರಿನ ಗಳಗಳು, ಅಷ್ಟೆ. ಅದಕ್ಕೆ ಬೀಗವಿಲ್ಲ, ಚಿಲಕವಿಲ್ಲ, ಮರ್ಯಾದೆಯಂತೂ ಮೊದಲೇ ಇಲ್ಲ. ದನ ಬಾರದಿರಲೆಂದು ಹಾಕಿದ್ದನ್ನು ದನವೇ ಕೊಂಬಿನಿಂದ ಸರಿಸಿ ಬರುತ್ತದೆ, ಕಳ್ಳನೂ ಸರಿಸಿ ಬರುತ್ತಾನೆ, ನೆಂಟನೂ ಸರಿಸಿ ಬರುತ್ತಾನೆ, ಈ ಮೂವರಲ್ಲಿ ಗಳವನ್ನು ಮರಳಿ ಸಿಕ್ಕಿಸುವ ಶಿಸ್ತು ಇರುವುದು ಕಳ್ಳನಿಗೆ ಮಾತ್ರ. ಇಂಥದೇ ಒಂದು ಉಣುಗೋಲು ಕಂಪ್ಯೂಟರಿನೊಳಗೂ ಇದೆಯೆಂಬುದು ಮಗಳ ಮದುವೆಯ ಹೊತ್ತಿಗೆ ನನ್ನ ಅರಿವಿಗೆ ಬಂತು.

ಯಾರ್ಯಾರಿಗೆ ಕರೆಯೋಲೆ ಕಳಿಸಬೇಕೆಂಬುದನ್ನು ನಾನು ಸ್ಪ್ರೆಡ್‌ಶೀಟಿನಲ್ಲಿ ಬರೆದಿಟ್ಟಿದ್ದೆ. ನನ್ನ ಹೆಂಡತಿಯ ಅಣ್ಣ, ವಾನಳ್ಳಿಯ ಶ್ರೀಧರ ಭಾವನಿಗೆ ನಿವೃತ್ತಿಯಾದಂದಿನಿಂದ ಮ್ಯಾಕ್ರೋ ಬರೆಯುವ ಹುಚ್ಚು. ಮ್ಯಾಕ್ರೋ ಎಂದರೆ, ಮನುಷ್ಯ ದಿನವಿಡೀ ಕೂತು ಒಂದೊಂದಾಗಿ ಮಾಡುವ ತಪ್ಪುಗಳನ್ನು ಒಂದೇ ಗುಂಡಿಗೆ ಮಾಡಿ ಮುಗಿಸುವ ಆಜ್ಞಾಮಾಲೆ. ವಿಳಾಸಗಳನ್ನು ಚೊಕ್ಕ ಮಾಡಿಕೊಡುತ್ತೇನೆಂದು ನನ್ನ ಪಟ್ಟಿಯನ್ನು ಒಯ್ದವನು, ಅದರೊಳಗೆ ತನ್ನ ಮ್ಯಾಕ್ರೋ ತುಂಬಿ ಪೆನ್‌ಡ್ರೈವಿನಲ್ಲಿ ತಂದುಕೊಟ್ಟ. ಕಡತ ತೆರೆದೆನೋ ಇಲ್ಲವೋ, ಪರದೆಯ ನೆತ್ತಿಯಲ್ಲಿ ಹಳದಿ ಪಟ್ಟಿಯೊಂದು ಮೂಡಿತು: ಇದರಲ್ಲಿ ಮ್ಯಾಕ್ರೋ ಇದೆ, ಹಾನಿಯಾದೀತು, ಬರೆದವರ ಮೇಲೆ ವಿಶ್ವಾಸವಿದ್ದರೆ ಮಾತ್ರ ಗುಂಡಿ ಒತ್ತಿ ಎಂಬ ಅರ್ಥದ ಒಕ್ಕಣೆ.

ನೀವೇ ಹೇಳಿ, ಬರೆದವನು ಮಗ್ಗುಲಲ್ಲೂ ಅವನ ತಂಗಿ ಬೆನ್ನ ಹಿಂದೆಯೂ ನಿಂತಿರುವಾಗ ಸಂಸಾರಸ್ಥನನ್ನು ಕೇಳುವ ಪ್ರಶ್ನೆಯೇ ಇದು? ವಿಶ್ವಾಸವನ್ನು ಅಳೆಯಲು ನಮ್ಮಲ್ಲಿ ಬೇರೆಯದೇ ಪದ್ಧತಿಯಿದೆ. ಅಪರಿಚಿತ ಬಂದರೆ ‘ಯಾವ ಊರಾತು? ಯಾರ ಪೈಕಿ?’ ಎಂದು ಕೇಳುತ್ತೇವೆ. ಹೇಗೋ ಎಳೆದಾಡಿ ಒಂದು ನೆಂಟಸ್ತಿಕೆ ಸಿಕ್ಕಿಬಿಟ್ಟರೆ ಎಲೆಯಡಿಕೆಯ ಕವಳದ ತಟ್ಟೆ ಮುಂದೆ ಸರಿಯುತ್ತದೆ, ಶಂಕೆಯೆಲ್ಲ ಅಲ್ಲಿಗೆ ಸಮಾಪ್ತಿ. ಆ ಲೆಕ್ಕದಲ್ಲಿ ಭಾವನಿಗಿಂತ ವಿಶ್ವಾಸಾರ್ಹನಾದ ಗ್ರಂಥಕರ್ತ ಇನ್ನೆಲ್ಲಿ ಸಿಕ್ಕಾನು?

“ಎನ್ನ ಅಣ್ಣನ್ನೂ ನಂಬಲೆ ಆಗ್ತಿಲ್ಯ ನಿಂಗಕ್ಕೆ?” ಎಂದಳು ಹೆಂಡತಿ.

“ಹೆದರಡ ಭಾವ, ಒತ್ತು. ಎಂತೂ ಆಗ್ತಿಲ್ಲೆ,” ಎಂದ ಅವಳಣ್ಣ.

ಒತ್ತಿದೆ. ಹೆಸರುಗಳ ಪಟ್ಟಿ ಕಣ್ಣೆದುರೇ ಗಿಡ್ಡವಾಯಿತು. ಒಂದೇ ಹೆಸರು ಎರಡೆರಡು ಸಲ ಬಂದಿದ್ದರೆ ತೆಗೆದುಹಾಕುವ ಹಾಗೆ ಬರೆದಿದ್ದೇನೆ ಎಂದು ಭಾವ ಬೀಗಿದ, ನಾನೂ ತಲೆದೂಗಿದೆ. ಚೊಕ್ಕವಾದ ಪಟ್ಟಿಯಂತೆ ಕರೆಯೋಲೆಗಳು ಅಂಚೆಗೆ ಹೋದವು.

ಕೆಲವು ದಿನ ಕಳೆದು ಹೆಗ್ಗರಣೆಯಿಂದ ಗಣಪತಿ ಹೆಗಡೆ ಎಂಬವರು ಫೋನು ಮಾಡಿದರು. ಮುಖ ಕಂಡರೆ ನಗುವಷ್ಟು ಮಾತ್ರ ಪರಿಚಯ. “ಎಂಗೆ ಮದ್ವೆ ಹೇಳಿಕೆ ಬಂಜು, ರಾಶಿ ಖುಷಿ ಆತು,” ಎಂದವರು, ದನಿ ತಗ್ಗಿಸಿ ಕೇಳಿದರು: “ನಿಂಗಳ ದೋಸ್ತ ಗಣಪ್ತಿಗೆ ಬಂಜಿಲ್ಲೆ ಹೇಳ್ತ. ಮರ್ತದ್ದಾ, ಬಿಟ್ಟದ್ದಾ?”

ಗಣಪತಿಯನ್ನು ಮಾಡೆಂದರೆ ಅವನಪ್ಪನನ್ನು ಮಾಡಿದ ಎಂಬ ಗಾದೆಯುಂಟು. ನನ್ನ ಭಾವ ಊರಲ್ಲಿದ್ದ ಗಣಪತಿಗಳನ್ನೆಲ್ಲ ಒಟ್ಟುಹಾಕಿ ಒಬ್ಬನನ್ನು ಮಾಡಿದ್ದ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ಸೀಮೆಯಲ್ಲಿ ಒಂದು ಊರಿಗೆ ಒಬ್ಬನೇ ಗಣಪತಿ ಹೆಗಡೆ ಇದ್ದರೆ ಅದು ಊರೇ ಅಲ್ಲ. ಮ್ಯಾಕ್ರೋಗೆ ಅದು ಹೇಗೆ ತಿಳಿಯಬೇಕು? ಪಟ್ಟಿಯಲ್ಲಿ ಮೊದಲು ಸಿಕ್ಕವನನ್ನು ಉಳಿಸಿ, ಮಿಕ್ಕವರನ್ನು ಅಳಿಸಿತ್ತು. ಅಳಿದವರಲ್ಲಿ ನನ್ನ ಬಾಲ್ಯದ ಗೆಳೆಯ, ಹೆಗ್ಗರಣೆಯ ಇನ್ನೊಬ್ಬ ಗಣಪತಿ ಹೆಗಡೆಯೂ ಇದ್ದ; ಶಿರಸಿಗೆ ಬರುವ ಮೊದಲು ನಾವೂ ಅದೇ ಊರಿನವರು. ನಾನು ಪರವೂರಿನಲ್ಲಿದ್ದಾಗ ನೋವು ಕಾಣಿಸಿಕೊಂಡ ನನ್ನ ಹೆಂಡತಿಯನ್ನು ಜೀಪಿನಲ್ಲಿ ಸಿದ್ದಾಪುರದ ಆಸ್ಪತ್ರೆಗೆ ಸೇರಿಸಿ, ಹುಟ್ಟಿದ ಕೂಸನ್ನು ನನಗಿಂತ ಮೊದಲು ಎತ್ತಿಕೊಂಡವನು ಅವನು. ಆ ಕೂಸೇ ಈಗಿನ ಮದುವಣಗಿತ್ತಿ; ಅವನನ್ನು ಇಂದಿಗೂ ಅಪ್ಪಚ್ಚಿ, ಅಂದರೆ ಚಿಕ್ಕಪ್ಪ, ಎಂದೇ ಕರೆಯುತ್ತಾಳೆ.

ಮಾಡಿದ್ದನ್ನು ಹಿಂದಕ್ಕೆ ಪಡೆಯುವ ಬಾಣದ ಗುರುತನ್ನು ಹುಡುಕಿದರೆ ಅದು ಬಣ್ಣಗೆಟ್ಟು ಕೂತಿತ್ತು; ಮ್ಯಾಕ್ರೋ ಮಾಡಿದ್ದಕ್ಕೆ ಪ್ರಾಯಶ್ಚಿತ್ತವಿಲ್ಲವಂತೆ. ಹಳದಿ ಪಟ್ಟಿ ಅಂಜಿದ್ದು ದುಷ್ಟರಿಗೆ. ದುರುದ್ದೇಶಕ್ಕೆ ಮದ್ದು ಅರೆಯುವ ಪಂಡಿತರು ಲೋಕದ ತುಂಬ ಇದ್ದಾರೆ, ಸದುದ್ದೇಶದ ಭಾವಂದಿರಿಗೆ ಯಾರೂ ಏನೂ ಕಂಡುಹಿಡಿದಿಲ್ಲ. ಭಾವನನ್ನೇ ಕಾರಿನಲ್ಲಿ ಕೂರಿಸಿಕೊಂಡು ಹೆಗ್ಗರಣೆಗೆ ಹೊರಟೆ.

ಗೆಳೆಯನ ಮನೆಯ ಮುಂದೆ ಭಾವ ಕಾರಿನಿಂದ ಇಳಿಯಲೇ ಇಲ್ಲ. ಗಣಪತಿ ಉಣುಗೋಲಿನ ಆಚೆ ಬಂದು ನಿಂತ. ಗಳಕ್ಕೆ ಕೈ ಹಚ್ಚಲಿಲ್ಲ.

“ಯಾವ ಊರಾತು? ಯಾರ ಪೈಕಿ?” ಎಂದ.

ನಾನು ಚಿಕ್ಕಂದಿನಿಂದ ಸರಿಸಿ ಒಳಗೆ ನುಗ್ಗುತ್ತಿದ್ದ ಆ ಬಿದಿರಿನ ಗಳ ಎದೆಗೆ ಒತ್ತುತ್ತಿತ್ತು. “ಶಿರಸಿಯಾತು,” ಎಂದೆ. “ಎನ್ನ ಮಗಳು ಅಪ್ಪಚ್ಚಿ ಹೇಳಿ ಕರೀತಲ, ಆ ಗಣಪ್ತಿ ಪೈಕಿ.”

ಅವನು ಮೇಲಿನ ಗಳವೊಂದನ್ನು ಮಾತ್ರ ಸರಿಸಿ, “ಉಳದಿದ್ದು ನೀನೇ ತೆಗಿ,” ಎಂದ. ತೆಗೆದೆ. ಒಳಗೆ ಬಂದವನು ಜನ್ಮದಲ್ಲಿ ಮೊದಲ ಸಲ ಹಿಂದೆ ತಿರುಗಿ ಎಲ್ಲ ಗಳಗಳನ್ನೂ ಒಂದೊಂದಾಗಿ ತೂತಿಗೆ ಸಿಕ್ಕಿಸಿದೆ.

ಗಣಪತಿ ಕಾರಿನತ್ತ ಗದ್ದ ಎತ್ತಿದ. “ಅಂವ ಯಾರ ಪೈಕಿ?”

“ಪಟ್ಟೀಲಿ ನಿನ್ನ ಹೆಸ್ರು ಅಳಿಸಿದಂವ. ಎನ್ನ ಹೆಂಡ್ತಿ ಪೈಕಿ,” ಎಂದೆ.

ಗಣಪತಿ ನಕ್ಕುಬಿಟ್ಟ. ಕರೆಯೋಲೆಯನ್ನು ಎರಡೂ ಕೈಯಲ್ಲಿ ಕೊಟ್ಟೆ. ಅವನು ತೆಗೆದುಕೊಂಡು, “ಅಂವ ಸ್ವಲ್ಪ ಹೊತ್ತು ಅಲ್ಲೇ ಇರ್ಲಿ,” ಎಂದು ನನ್ನ ಹೆಗಲ ಮೇಲೆ ಕೈ ಹಾಕಿ ಒಳಗೆ ಕರೆದೊಯ್ದ.