ಗಾಜು ಬೆಳ್ಳಗಾಗುವ ಮೊದಲು

ಚೌಡಮ್ಮನವರೇ, ಅವತ್ತು ನಾನು ನಿಮ್ಮನ್ನು ನೋಡಿದ್ದೆ. ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ ನೋಡಿಲ್ಲ ಎಂದೆ. ಅದು ಸುಳ್ಳು.

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ವರದಿಗಾರನಾಗಿ ನಾನು ಕಲಿತದ್ದು ಅದೊಂದೇ, ತಪ್ಪಿದ್ದೂ ಅದರಲ್ಲೇ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ. ಹನಗೋಡಿನಾಚೆಯ ನಿಮ್ಮೂರಿನ ಪಂಚಾಯಿತಿಗೆ ನೀವು ಅಧ್ಯಕ್ಷರು. ಉಪಾಧ್ಯಕ್ಷರು ಹೊಗೆಸೊಪ್ಪು ಬೆಳೆದು ಹೊಸ ಮನೆ ಕಟ್ಟಿದ್ದರು. ಅವರ ನಡುಮನೆಗೂ ಜಗಲಿಗೂ ನಡುವೆ ಗೋಡೆಯ ಬದಲು ದೊಡ್ಡ ಗಾಜು. ಸ್ವಿಚ್ ಹಾಕಿದರೆ ಕರೆಂಟು ಹರಿದು ಗಾಜು ತಿಳಿಯಾಗುವುದು. ಆರಿಸಿದರೆ ಹಾಲಿನಂತೆ ಬೆಳ್ಳಗಾಗಿ ಆಚೆಯದೇನೂ ಕಾಣದು. ಹುಣಸೂರು, ಪಿರಿಯಾಪಟ್ಟಣದಿಂದೆಲ್ಲ ಜನ ನೋಡಲು ಬರುತ್ತಿದ್ದರು. ನಾನು ಹೋದದ್ದೂ ಆ ಗಾಜಿನ ಬಗ್ಗೆ ಬರೆಯಲಿಕ್ಕೇ.

ಅವತ್ತೇ ಸಭೆ — ಪಂಚಾಯಿತಿ ಕಟ್ಟಡ ಸೋರುತ್ತದೆಂದು ಅವರ ಮನೆಯಲ್ಲಿ. ನಿಮ್ಮ ಕೇರಿಗೆ ಮಂಜೂರಾಗಿದ್ದ ನೀರಿನ ಟ್ಯಾಂಕ್ ಎಲ್ಲಿ ಕಟ್ಟಬೇಕೆಂಬುದು ವಿಷಯ. ಸದಸ್ಯರೆಲ್ಲ ಒಳಗೆ ಕೂತಿದ್ದರು. ನಾನು ಗಾಜಿನ ಪಕ್ಕದಲ್ಲಿದ್ದೆ. ಗಾಜು ತಿಳಿಯಾಗಿತ್ತು.

ನೀವು ಗೇಟು ದಾಟಿ ಬಂದಿರಿ. ಜಗಲಿಯ ಕೆಳಗೆ ಚಪ್ಪಲಿ ಬಿಟ್ಟಿರಿ. ಒಳಗೆ ನನ್ನನ್ನು ಕಂಡು — ಪರಿಚಯದ ಮುಖ ಅಂತಲೋ ಏನೋ — ಕೈ ಎತ್ತಿ ನಕ್ಕಿರಿ. ನಾನೂ ಕೈ ಎತ್ತಲು ಹೋದೆ...

ಉಪಾಧ್ಯಕ್ಷರು ಸ್ವಿಚ್ ಆರಿಸಿದರು.

"ಆಯಮ್ಮ ಅಲ್ಲೇ ಕುಂತಿರ್ಲಿ ಬುಡಿ. ಕಾಪಿ ಕಳ್ಸಾನ. ಒಳಕ್ ಬಂದ್ರೆ ಟ್ಯಾಂಕು ಟ್ಯಾಂಕು ಅಂತ ಸುರು ಮಾಡ್ತಾಳೆ."

"ಗಾಜು ತಂದಿದ್ದು ದಂಡ ಆಗ್ನಿಲ್ಲ ಕಣಣ್ಣ," ಎಂದರು ಸದಸ್ಯರೊಬ್ಬರು. ಎಲ್ಲರೂ ನಕ್ಕರು. ನಾನೂ — ಹೌದು, ನಾನೂ ನಕ್ಕೆ. ಒಳಗಿನಿಂದ ಚಿಲಕ ಹಾಕಿದ್ದ ಬಾಗಿಲನ್ನು ನೀವು ತಟ್ಟುವ ಸದ್ದು ಕೇಳುತ್ತಲೇ ಇತ್ತು.

ಟ್ಯಾಂಕ್ ಉಪಾಧ್ಯಕ್ಷರ ತೋಟದ ಬದಿಗೆ ಹೋಯಿತು. ಅಧ್ಯಕ್ಷರು ಗೈರುಹಾಜರು ಎಂದು ಬರೆದುಕೊಂಡರು. ಸಭೆಗೆ ಬಂದರೂ ಒಳಗೆ ಬಿಡಲಿಲ್ಲವೆಂದು ನೀವು ದೂರು ಕೊಟ್ಟಿರಿ. ವಿಚಾರಣೆಯ ದಿನ ನನ್ನತ್ತ ಕೈ ತೋರಿಸಿ, "ಆ ಪೇಪರ್ನೋರು ನನ್ನ ನೋಡವ್ರೆ, ಅವ್ರನ್ನೇ ಕೇಳಿ" ಎಂದಿರಿ.

"ಗಾಜು ಬೆಳ್ಳಗಿತ್ತು ಸಾರ್. ಹೊರಗೆ ಯಾರಿದ್ದರೋ ಕಾಣಲಿಲ್ಲ."

ಇದು ನನ್ನ ಮಾತು. ಬೆಳ್ಳಗಿದ್ದದ್ದು ನಿಜ — ಆಮೇಲೆ. ಅದಕ್ಕೆ ಮೊದಲಿನದನ್ನು ನುಂಗಿಬಿಟ್ಟೆ. ನೀವು ಬೈಯಲಿಲ್ಲ. ನನ್ನ ಮುಖವನ್ನೇ ನೋಡಿ, "ಅಂಗಾ ಸ್ವಾಮಿ?" ಎಂದಷ್ಟೇ ಕೇಳಿದಿರಿ.

ದೂರು ಬಿದ್ದುಹೋಯಿತು. ಊರು ನಿಮ್ಮನ್ನು ಸುಳ್ಳುಗಾತಿ ಎಂದಿತು. ನಿಮ್ಮ ಕೇರಿಯ ಹೆಂಗಸರು ಇನ್ನೂ ಎಷ್ಟೋ ವರ್ಷ ಹೊಳೆಯಿಂದ ನೀರು ಹೊತ್ತರು. ನನ್ನ ಲೇಖನ ಭಾನುವಾರದ ಪುಟದಲ್ಲಿ ಚಿತ್ರಸಮೇತ ಬಂತು. ಗಾಜಿನ ಬಗ್ಗೆ ಎಲ್ಲವನ್ನೂ ಬರೆದಿದ್ದೆ, ಅದು ಏನನ್ನು ಮರೆಮಾಡಿತು ಎಂಬುದೊಂದನ್ನು ಬಿಟ್ಟು.

ಯಾಕೆ ಹಾಗೆ ಮಾಡಿದೆ — ಬರೆಯತೊಡಗಿದರೆ ಕಾರಣವೆಲ್ಲ ನೆಪವಾಗುತ್ತದೆ. ಬರೆಯುವುದಿಲ್ಲ.

ಅವತ್ತು ಕಂಡದ್ದನ್ನು ಈಗ ನನ್ನ ಹೆಸರು ಹಾಕಿ ತಾಲ್ಲೂಕು ಕಚೇರಿಗೆ ಕೊಟ್ಟಿದ್ದೇನೆ. ಉಪಾಧ್ಯಕ್ಷರಾಗಿದ್ದವರಿಗೂ ಫೋನ್ ಮಾಡಿ ತಿಳಿಸಿದ್ದೇನೆ. "ಹಳೇದು ಯಾಕ್ ಕೆದಕ್ತೀರಿ" ಎಂದರು. ಹೊತ್ತ ನೀರು ಇದರಿಂದ ಇಳಿಯುವುದಿಲ್ಲ, ಬಲ್ಲೆ.

ಸೋಮವಾರ ನಿಮ್ಮೂರಿಗೆ ಬರುತ್ತೇನೆ. ನಿಮ್ಮನ್ನು ಸುಳ್ಳುಗಾತಿ ಎಂದವರ ಮುಂದೆಯೇ ಎಲ್ಲವನ್ನೂ ಹೇಳುತ್ತೇನೆ. ಆಮೇಲೆ ನಿಮ್ಮ ಜಗಲಿಯ ಕೆಳಗೆ ಚಪ್ಪಲಿ ಬಿಟ್ಟು ನಿಲ್ಲುತ್ತೇನೆ. ನೀವು ಒಳಗೆ ಕರೆಯಬೇಕೆಂದಿಲ್ಲ. ಈ ಸಲ ಮೊದಲು ಕೈ ಎತ್ತುವವನು ನಾನು, ನೀವು ಎತ್ತಬೇಕಾಗಿಲ್ಲ.