ನಡುಹಗಲಿನ ಕಡಲು ಕಂಡ ನಿಂಗರಾಜ್

ದಾವಣಗೆರೆ ಸೀಮೆಯ ಛಾಯಾಗ್ರಾಹಕರಲ್ಲಿ ಕಾಡು ಸುತ್ತಿದವರು, ತುಂಗಭದ್ರೆಯ ದಂಡೆಯಲ್ಲಿ ಹಕ್ಕಿಗಾಗಿ ಕಾದವರು, ಪ್ರಶಸ್ತಿ ಫಲಕಗಳಿಗೆ ಗೋಡೆ ಸಾಲದವರು ಹಲವರಿದ್ದಾರೆ. ಆದರೆ ಕಡಲನ್ನು ಮೂರು ಸಾವಿರಕ್ಕೂ ಹೆಚ್ಚು ಸಲ ಕಂಡು, ಛಾಯಾಗ್ರಾಹಕರು ಹಂಬಲಿಸುವ ಬೆಳಗಿನ ಎಳೆಬಿಸಿಲನ್ನು ಬೇಕೆಂದೇ ಬಿಟ್ಟುಕೊಟ್ಟವರು ಶ್ರೀ ನಿಂಗರಾಜ್ ಒಬ್ಬರೇ. ಮೂವತ್ತೊಂದು ವರ್ಷ ಖಾಸಗಿ ಬಸ್ಸಿನ ಚಾಲಕರಾಗಿ ದುಡಿದು ಕಳೆದ ತಿಂಗಳು ನಿವೃತ್ತರಾದ ಅವರಿಗೆ ನಮ್ಮ ಛಾಯಾಗ್ರಾಹಕರ ಬಳಗ ಈ ಗ್ರಂಥವನ್ನು ಪ್ರೀತಿಯಿಂದ ಅರ್ಪಿಸುತ್ತಿದೆ.

ಲೋಕಿಕೆರೆಯ ರೈತ ಮನೆತನದಲ್ಲಿ ಹುಟ್ಟಿದ ಅವರು ದಾವಣಗೆರೆ–ಹರಿಹರ ನಡುವಿನ ಬಸ್ಸುಗಳಲ್ಲಿ ಒಂಬತ್ತು ವರ್ಷ ಕೈ ಪಳಗಿಸಿಕೊಂಡ ಮೇಲೆ, ಮಾಲೀಕರು ಅವರನ್ನು ಹೊನ್ನಾವರದ ಬಸ್ಸಿಗೆ ಹಾಕಿದರು. ರಾತ್ರಿ ಹೊರಟು ಬೆಳಿಗ್ಗೆ ಆರಕ್ಕೆ ತಲುಪುವ ಬಸ್ಸು ಮಧ್ಯಾಹ್ನ ಎರಡಕ್ಕೆ ಮರಳಬೇಕು. ನಡುವಿನ ಎಂಟು ತಾಸು ಚಾಲಕನ ನಿದ್ದೆಗೆ ಮೀಸಲು. ಮೊದಲ ದಿನ ಕಡಲನ್ನು ಕಂಡವರು ಕಂಡಕ್ಟರ್ ಬಡೇಸಾಬ್ ಅವರಿಗೆ, "ನಮ್ಮ ಹೊಲಕ್ಕೆ ಬದು ಐತೆ, ಇದಕ್ಕೆ ಬದುನೇ ಇಲ್ಲ ನೋಡ್ರಿ" ಎಂದರಂತೆ. ಮುಂದಿನ ವಾರವೇ ದಾವಣಗೆರೆಯ ಸ್ಟುಡಿಯೊ ಒಂದರಿಂದ ಹಳೆಯ ಕ್ಯಾಮೆರಾ ಬಂತು. ಬೆಳಿಗ್ಗೆ ಇಳಿದವರು ದೋಣಿ, ಬೆಳ್ಳಕ್ಕಿ, ನದಿ ಕಡಲು ಸೇರುವ ಅಳಿವೆ ಎಂದು ಅಲೆಯುತ್ತ, ನಿದ್ದೆಗೆ ಎಳ್ಳುನೀರು ಬಿಟ್ಟರು.

ಅದರ ಫಲ ನಾಲ್ಕನೆಯ ತಿಂಗಳಲ್ಲಿ ಕಂಡಿತು. ಮರಳುವಾಗ, ಹಾಡಹಗಲಲ್ಲಿ, ಘಾಟಿಯ ತಿರುವಿನಲ್ಲಿ ನಿಂಗರಾಜರ ರೆಪ್ಪೆ ಕೂಡಿತು. ಬಡೇಸಾಬ್ ಕೂಗದೆ ಇದ್ದಿದ್ದರೆ ಮೂವತ್ತೆಂಟು ಜನ ಕಣಿವೆಯ ಪಾಲಾಗುತ್ತಿದ್ದರು. ಬಸ್ಸು ಅಂಚಿನ ಜಲ್ಲಿಯ ಮೇಲೆ ನಿಂತಿತು. ಮಂಗಗಳನ್ನು ನೋಡಲಿಕ್ಕೆ ನಿಲ್ಲಿಸಿದ್ದಾರೆಂದು ತಿಳಿದ ಕೊಕ್ಕನೂರಿನ ರಂಗವ್ವ ಎಂಬ ಮುದುಕಿ ಬುತ್ತಿಯ ಗಂಟು ಬಿಚ್ಚಿ ಚಾಲಕರಿಗೇ ಮೊದಲ ರೊಟ್ಟಿ ಕೊಟ್ಟಳು. ಆ ರೊಟ್ಟಿಯನ್ನು ತಿನ್ನದೆ ಮನೆಯವರೆಗೂ ಒಯ್ದೆನೆಂದು ನಿಂಗರಾಜರು ಇಂದಿಗೂ ಹೇಳುತ್ತಾರೆ.

ಹರಿಹರ ತಲುಪಿದ ಮೇಲೆ ಬಡೇಸಾಬ್ ಕೇಳಿದ್ದು ಒಂದೇ ಮಾತು.

"ನಿಂಗಣ್ಣ, ನಾನು ಮಾಲಕರಿಗೆ ಹೇಳಾಕಿಲ್ಲ. ಸ್ಟೇರಿಂಗ್ ಬೇಕೋ, ಕ್ಯಾಮೆರಾ ಬೇಕೋ, ನೀನೇ ಹೇಳು."

"ಎರಡೂ ಬೇಕು ಸಾಬ್ರೆ. ಬೆಳಿಗ್ಗೆ ಕ್ಯಾಮೆರಾ ನೀವು ಇಟ್ಕಳ್ರಿ. ನಾನು ಮಲಗಿ ಎದ್ದ ಮ್ಯಾಲೆ ಕೊಡ್ರಿ."

ಅಂದಿನಿಂದ ಹೊನ್ನಾವರ ತಲುಪಿದೊಡನೆ ಕ್ಯಾಮೆರಾ ಕಂಡಕ್ಟರರ ಟಿಕೆಟ್ ಪೆಟ್ಟಿಗೆ ಸೇರುತ್ತಿತ್ತು. ಹನ್ನೆರಡು ಹೊಡೆಯುವವರೆಗೆ ಬೀಗ ತೆರೆಯುತ್ತಿರಲಿಲ್ಲ. ಮೊದಮೊದಲು ನಿಂಗರಾಜರು ಹತ್ತಕ್ಕೇ ಎದ್ದು ಕೂತು, ಮೀನುಗಾರರ ಕೂಗು ಕೇಳಿ ಚಡಪಡಿಸುತ್ತಿದ್ದುದುಂಟು. "ಮಲಕ್ಕ ಮಲಕ್ಕ, ಸಮುದ್ರ ಎಲ್ಲಿಗೂ ಹೋಗಾಕಿಲ್ಲ" ಎನ್ನುತ್ತಿದ್ದರು ಬಡೇಸಾಬ್.

ಹೀಗೆ ಅವರ ಪಾಲಿಗೆ ಉಳಿದದ್ದು ನೆತ್ತಿಯ ಮೇಲಿನ ಸುಡುಬಿಸಿಲು, ಯಾವ ಛಾಯಾಗ್ರಾಹಕನೂ ಕ್ಯಾಮೆರಾ ಹೊರತೆಗೆಯದ ಹೊತ್ತು. ಅವರು ಅದನ್ನೇ ಕಲಿತರು. ದೋಣಿಯ ಅಡಿಯ ಗೇಣಗಲ ನೆರಳಿನಲ್ಲಿ ಒತ್ತೊತ್ತಾಗಿ ಮಲಗಿದ ನಾಯಿಗಳು, ತನ್ನ ನೆರಳನ್ನೇ ತುಳಿಯುತ್ತ ಓಡುವ ಏಡಿ, ರೆಕ್ಕೆ ಅಗಲಿಸಿ ಮರಿಗೆ ಕೊಡೆಯಾದ ಕಡಲ ಹದ್ದು, ಮೀನು ಒಣಗಿಸುವ ಹೆಂಗಸರ ಸೆರಗಿನ ಕೆಳಗಿನ ಮುಖ: ಇವೆಲ್ಲ ಬಿಸಿಲಿನಲ್ಲಿ ನೆರಳು ಹುಡುಕುವವನಿಗಷ್ಟೇ ಸಿಗುವ ಚಿತ್ರಗಳು. ರಂಗವ್ವನನ್ನು ಹುಡುಕಿಕೊಂಡು ಕೊಕ್ಕನೂರಿಗೆ ಹೋಗಿ ಸಮುದ್ರದ ದೊಡ್ಡ ಚಿತ್ರವೊಂದನ್ನು ಕೊಟ್ಟು ಬಂದರು. ಯಾಕೆ ಕೊಟ್ಟರೆಂದು ಆಕೆಗೆ ಹೇಳಲಿಲ್ಲ.

ಇನ್ನು ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಹತ್ತು ವರ್ಷದ ಹಿಂದೆ ದಾವಣಗೆರೆಯಲ್ಲಿ ನಡೆದ ನಮ್ಮ ಪ್ರದರ್ಶನದಲ್ಲಿ ತೀರ್ಪುಗಾರರಾಗಿದ್ದ ಅಶ್ವಥ್ ಅವರು ನಿಂಗರಾಜರ ಚಿತ್ರಗಳನ್ನು ನೋಡಿ, "ನೋಟ ಇದೆ, ಬೆಳಕಿನ ಶಿಸ್ತಿಲ್ಲ. ಇವರು ಬೇಗ ಏಳುವುದನ್ನು ಕಲಿಯಬೇಕು" ಎಂದು ಎಲ್ಲರೆದುರು ಹೇಳಿದರು. ನಾವೆಲ್ಲ ನಕ್ಕೆವು. ನಿಂಗರಾಜರು ಕೈಮುಗಿದು, "ಹೌದ್ರಿ ಸಾರ್, ನಮಗೆ ನಿದ್ದಿ ಜಾಸ್ತಿ" ಎಂದು ಹಿಂದಿನ ಸಾಲಿಗೆ ಹೋಗಿ ಕೂತರು. ಮರುದಿನ ಬಡೇಸಾಬ್ ಬಂದು ನಡೆದದ್ದನ್ನೆಲ್ಲ ಹೇಳಿದಾಗ ನಮಗೆ ತಲೆ ಎತ್ತಲಾಗಲಿಲ್ಲ. ಅಶ್ವಥ್ ಅಂದೇ ಲೋಕಿಕೆರೆಗೆ ಹೋಗಿ ಕ್ಷಮೆ ಕೇಳಿದರು. ಈ ಗ್ರಂಥದ ಸಂಪಾದನೆಯನ್ನು ಹಠ ಹಿಡಿದು ವಹಿಸಿಕೊಂಡವರೂ ಅವರೇ.

ಕಳೆದ ತಿಂಗಳು ಕೊನೆಯ ಸರದಿಯ ದಿನ ಹೊನ್ನಾವರದಲ್ಲಿ ಬಡೇಸಾಬ್ ಕ್ಯಾಮೆರಾವನ್ನು ಪೆಟ್ಟಿಗೆಗೆ ಹಾಕಿಕೊಳ್ಳಲಿಲ್ಲ.

"ಇವತ್ತೊಂದಿನ ಹೋಗಿ ಬಾ ನಿಂಗಣ್ಣ. ಇಪ್ಪತ್ತೆರಡು ವರ್ಷ ನಿನ್ನ ಬೆಳಗೆಲ್ಲ ನಾನೇ ಕಟ್ಟಿ ಇಟ್ಟೀನಿ."

ನಿಂಗರಾಜರು ಕಡಲಿನ ಕಡೆ ಒಮ್ಮೆ ನೋಡಿ ಕ್ಯಾಮೆರಾವನ್ನು ಅವರ ಕೈಗೇ ಕೊಟ್ಟರು. "ಬ್ಯಾಡ್ರಿ ಸಾಬ್ರೆ. ಸಂಜೀಗೆ ಇಷ್ಟು ಮಂದಿನ ಮನಿ ಮುಟ್ಟಿಸಬೇಕು. ಸೂರ್ಯ ನಾಳೇನೂ ಹುಟ್ತಾನೆ" ಎಂದು ಸೀಟಿನ ಮೇಲೆ ಮಲಗಿದರು.

ಆ ನಾಳೆ ಈಗ ಬಂದಿದೆ. ಶ್ರೀ ನಿಂಗರಾಜ್ ಅವರಿಗೆ ನಿಚ್ಚಳ ಕಣ್ಣು, ಗಟ್ಟಿ ಕಾಲು, ನೂರು ತುಂಬುವ ಆಯುಷ್ಯ ದೊರೆಯಲಿ. ಇನ್ನು ಮುಂದೆ ಬಸ್ಸನ್ನು ಬೇರೆ ಯಾರೋ ಓಡಿಸಲಿ; ಇವರು ದಾರಿಯುದ್ದಕ್ಕೂ ನಿದ್ದೆ ಮಾಡಿ, ಬೆಳಿಗ್ಗೆ ಆರಕ್ಕೆ ಕಡಲ ಮುಂದೆ ಇಳಿಯಲಿ.