ಲೀಲತ್ತೆ ಆರಿಸಿದ ಶಬ್ದ

ಗೇರೆಣ್ಣೆಯ ವಾಸನೆ ಈಗ ಸಿಗುವುದೇ ಅಪರೂಪ. ದೋಣಿಗಳೆಲ್ಲ ಫೈಬರಿನವಾದ ಮೇಲೆ ಮರಕ್ಕೆ ಆ ಕಪ್ಪು ಎಣ್ಣೆ ಬಳಿಯುವವರು ಎಲ್ಲಿದ್ದಾರೆ? ಮೊನ್ನೆ ಹೊನ್ನಾವರದ ಬಂದರಿನ ಹಿಂದಿನ ಓಣಿಯಲ್ಲಿ ಯಾರೋ ಒಂದು ಹಳೆಯ ದೋಣಿಯನ್ನು ಕವುಚಿ ಹಾಕಿ ಬಳಿಯುತ್ತಿದ್ದರು. ಗಂಟಲಿಗೆ ಹತ್ತುವ, ಕಣ್ಣು ಉರಿಸುವ ಆ ಘಾಟು ಮೂಗಿಗೆ ತಾಗಿದ್ದೇ ತಡ, ನಾನು ಕೈಯಲ್ಲಿನ ಚೀಲ ಹಿಡಿದು ಅಲ್ಲೇ ನಿಂತುಬಿಟ್ಟೆ. ಹೊಳೆಯ ಆಚೆ ದಡದ ಕಾಸರಕೋಡಿನ ನಮ್ಮ ಮನೆ, ಅದರ ಸಗಣಿ ಸಾರಿಸಿದ ಹೊರಜಗಲಿ, ಸಂಜೆಯ ಉಪ್ಪುಗಾಳಿ, ಚಾಪೆಯ ಮೇಲೆ ಒತ್ತೊತ್ತಾಗಿ ಕೂತ ಕೇರಿಯ ಮಕ್ಕಳು, ಗೋಡೆಗೆ ಬೆನ್ನು ಕೊಟ್ಟು ಇಂಗ್ಲೀಷು ಹೇಳಿಕೊಡುತ್ತಿದ್ದ ಲೀಲತ್ತೆ ಎಲ್ಲವೂ ಒಟ್ಟಿಗೇ ನುಗ್ಗಿ ಬಂದವು. ಇಲ್ಲದೇ ಹೋದ ಮನೆಯೊಂದು ನಿಮಗೂ ಇದ್ದೀತು. ಹಾಗಿದ್ದರೆ, ನಡುಬೀದಿಯಲ್ಲಿ ಹೀಗೆ ನಿಂತುಬಿಡುವುದು ಎಂದರೇನೆಂದು ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಲೀಲತ್ತೆ ನನ್ನ ಅಪ್ಪನ ತಂಗಿ. ನಮ್ಮ ಕೇರಿಯಲ್ಲಿ ಕಾಲೇಜು ಮುಗಿಸಿದ ಮೊದಲ ಹೆಣ್ಣು ಅವಳೇ. ಅವಳ ಗಂಡ ಮಂಜುಮಾವ ಭಟ್ಕಳದ ಅಳ್ವೆಕೋಡಿಯವನು. ನಮ್ಮೂರಿನ ಗಣಪಣ್ಣ ತಾಂಡೇಲನಾಗಿ ನಡೆಸುತ್ತಿದ್ದ ಬೋಟಿನಲ್ಲಿ ಅವನಿಗೆ ಕೆಲಸವಿದ್ದುದರಿಂದ ಇಬ್ಬರೂ ನಮ್ಮ ಮನೆಯಲ್ಲೇ ಉಳಿದಿದ್ದರು. ಅತ್ತೆಯ ಪಾಠದಲ್ಲಿ ನನಗೆ ಇಷ್ಟವಾಗುತ್ತಿದ್ದುದು ಒಂದೇ ಅರ್ಥದವೆಂದು ತೋರುವ ಶಬ್ದಗಳನ್ನು ಬೇರೆ ಮಾಡುವ ಆಟ. ಯಾವ ಮಗುವೂ ಅಲ್ಲಿ ಅಂದಾಜಿಗೆ ಉತ್ತರ ಹೇಳುವಂತಿರಲಿಲ್ಲ. "ಬೀಚ್ ಅಂದ್ರೆ ಪ್ಯಾಟೆಯೋರು ಬಂದು ಕೂರುದು. ಕೋಸ್ಟ್ ಅಂದ್ರೆ ನಕಾಶೆಯಲ್ಲಿ ಕಾಣುದು. ಶೋರ್ ಅಂದ್ರೆ ನೀರಲ್ಲಿದ್ದೋರು ಕಣ್ಣಿಟ್ಟು ನೋಡುದು," ಎಂದು ಅವಳು ಒಂದು ಸಂಜೆ ಹೇಳಿದ್ದಳು. ಮೂಲೆಯಲ್ಲಿ ಬಲೆಯ ಹರಕು ಹೊಲಿಯುತ್ತಿದ್ದ ಮಂಜುಮಾವ ತಲೆ ಎತ್ತದೆಯೇ, "ನಾವು ಮೂರಕ್ಕೂ ದಂಡೆ ಅಂತೇವೆ. ಮೀನು ಇಷ್ಟರವರೆಗೆ ಎಂತದೂ ತಕರಾರು ಮಾಡ್ಲಿಲ್ಲ," ಎಂದ. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಅತ್ತೆ ಸಿಟ್ಟಿನ ಮುಖ ಮಾಡಲು ಹೋಗಿ ತಾನೂ ನಕ್ಕುಬಿಟ್ಟಳು. ಅವರಿಬ್ಬರೂ ಒಟ್ಟಿಗೆ ನಗುವುದನ್ನು ನೋಡಲೆಂದೇ ಅಜ್ಜಿ ಒಳಗಿನ ಕೆಲಸ ಬಿಟ್ಟು ಹೊಸ್ತಿಲಿಗೆ ಬರುತ್ತಿದ್ದಳು.

ಆ ವರ್ಷ ಶ್ರಾವಣದಲ್ಲಿ, ಮಳೆಗಾಲದ ನಿಷೇಧ ಮುಗಿದು ಬೋಟುಗಳು ಕಡಲಿಗೆ ಇಳಿದ ಹೊಸದರಲ್ಲಿ, ನೇತ್ರಾಣಿ ದ್ವೀಪದ ಹತ್ತಿರ ಬೆಳಗಿನ ಹೊತ್ತು ಗಾಳಿ ಎದ್ದು ಗಣಪಣ್ಣನ ಬೋಟು ಮಗುಚಿತು. ಅವನೊಬ್ಬನೇ ಪ್ಲಾಸ್ಟಿಕ್ ಬ್ಯಾರಲ್ ಹಿಡಿದು ತೇಲುತ್ತಿದ್ದಾಗ ಭಟ್ಕಳದ ಬೋಟಿನವರು ಎತ್ತಿಕೊಂಡರು. ಉಳಿದವರ ಹೆಣಗಳು ಒಂದೊಂದಾಗಿ ಭಟ್ಕಳದ ಕಡೆಯ ದಂಡೆಗೆ ಬಂದು ಬಿದ್ದವು. ಮಂಜುಮಾವನದು ಬರಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಅತ್ತೆ ಗಣಪಣ್ಣನ ಎರಡೂ ಕೈ ಹಿಡಿದು, "ಅವ್ರು ಇದ್ದಾರೆ ಅಲ್ದಾ? ಬೇರೆ ಬೋಟಿನೋರು ಎತ್ತಿರ್ಬೇಕು ಅಲ್ದಾ?" ಎಂದು ಕೇಳಿದಳು. ಗಣಪಣ್ಣ ಅವಳ ಮುಖ ನೋಡಿ ಕಣ್ಣು ತಗ್ಗಿಸಿದ. "ಮಳೆ ಕವಿದಿತ್ತು, ತಂಗಿ. ನಾ ಕಂಡಿಲ್ಲ," ಎಂದ.

ವಿಮೆಯವರಿಗೆ ಕಳಿಸಲು ಮೀನುಗಾರರ ಸೊಸೈಟಿಯ ಸೆಕ್ರೆಟರಿ ಇಂಗ್ಲೀಷಿನಲ್ಲಿ ಒಂದು ಹೇಳಿಕೆ ಬರೆದು ತಂದ. ಮಂಜುಮಾವನ ಹೆಸರಿನ ಮುಂದೆ ಡ್ರೌನ್ಡ್ ಎಂದಿತ್ತು. ಅತ್ತೆ ಅದನ್ನು ಹೊಡೆದುಹಾಕಿ ಮಿಸ್ಸಿಂಗ್ ಎಂದು ಬರೆದಳು. ಹಾಗೆ ಬರೆದರೆ ವಿಮೆಯ ಹಣಕ್ಕೆ ಏಳು ವರ್ಷ ಕಾಯಬೇಕಾದೀತು ಎಂದು ಅವನು ತಿಳಿಹೇಳಿದ. ಕೊನೆಗೆ ಬೇಸತ್ತು, "ಅಕ್ಕೋರೆ, ಎರಡೂ ಒಂದೇ ಅಲ್ದಾ?" ಎಂದ. "ಒಂದೇ ಆಗಿದ್ರೆ ಇಂಗ್ಲೀಷಿನೋರು ಎರಡು ಶಬ್ದ ಎಂತಕ್ಕೆ ಮಾಡ್ತಿದ್ರು? ಮುಳುಗಿದ್ದನ್ನ ಕಂಡೋರು ಯಾರು, ಹೇಳಿ," ಎಂದಳು ಅತ್ತೆ. ಅಪ್ಪ ತಲೆ ತಗ್ಗಿಸಿ ಕೂತಿದ್ದ. ಇಂಗ್ಲೀಷು ಪೇಪರಿನಲ್ಲಿ ಲಾಸ್ಟ್ ಎಂದು ಅಚ್ಚಾಗಿದ್ದನ್ನು ಯಾರೋ ತೋರಿಸಿದಾಗ ಅವಳು ಅದನ್ನೂ ಒಪ್ಪಲಿಲ್ಲ. "ಲಾಸ್ಟ್ ಅಂದ್ರೆ ಹುಡುಕುದು ಬಿಟ್ಟಾತು ಅಂತ. ನಾ ಬಿಟ್ಟಿಲ್ಲ," ಎಂದಳು.

ಒಂದು ವರ್ಷ ನಮ್ಮ ಮನೆ ಮಿಸ್ಸಿಂಗ್ ಎಂಬ ಆ ಶಬ್ದದ ಕೆಳಗೆ ಬದುಕಿತು. ಅತ್ತೆ ಎಂದಿನಂತೆ ಕುಂಕುಮ ಇಟ್ಟುಕೊಂಡಳು, ಮಾವನ ಅಂಗಿಗಳನ್ನು ಒಗೆದು ಒಣಹಾಕಿದಳು, ಪಾಠದ ನಡುವೆ ಬೋಟಿನ ಸದ್ದು ಕೇಳಿದರೆ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿದಳು. ಸದ್ದು ದೂರವಾಗುವವರೆಗೂ ನಾವು ಮಕ್ಕಳು ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ಅಜ್ಜಿ ಊಟಕ್ಕೆ ಬಡಿಸುವಾಗ ಒಂದು ಬಟ್ಟಲು ಹೆಚ್ಚಿಗೆ ಇಡುವುದನ್ನು ಯಾರೂ ಬೇಡವೆನ್ನಲಿಲ್ಲ.

ಮಾರನೆಯ ವರ್ಷ ಮಹಾಲಯ ಅಮಾವಾಸ್ಯೆ ಹತ್ತಿರವಾದಾಗ ಮಂಜುಮಾವನ ತಾಯಿ ದೇವಮ್ಮ ಅಳ್ವೆಕೋಡಿಯಿಂದ ಟೆಂಪೋ ಹತ್ತಿ ಬಂದಳು. ಒಂದು ಕಾಲದಲ್ಲಿ ತಲೆಯ ಮೇಲೆ ಮೀನುಬುಟ್ಟಿ ಹೊತ್ತು ಊರೂರು ಸುತ್ತಿದ ಹೆಂಗಸು ಈಗ ಒಣಗಿದ ಕಡ್ಡಿಯಂತಾಗಿದ್ದಳು. ಜಗಲಿಯಲ್ಲಿ ಕೂತು, ಕೊಟ್ಟ ನೀರನ್ನೂ ಕುಡಿಯದೆ, ಸೊಸೆಯನ್ನು ಕೇಳಿದಳು.

"ಆ ಕಾಗದದಲ್ಲಿ ನೀ ಎಂತ ಬರದ್ದೆ?"

"ಮಿಸ್ಸಿಂಗ್ ಅಂತ, ಆಯಿ."

"ಅಂದ್ರೆ?"

"ಕಾಣ್ತಾ ಇಲ್ಲ ಅಂತ."

"ಕಾಣ್ತಾ ಇಲ್ಲ ಅನ್ನುದು ನಂಗೂ ಗೊತ್ತುಂಟು, ಮಗಾ." ಮುದುಕಿಯ ದನಿ ಏರಲಿಲ್ಲ. "ಹೋದ ವರ್ಷ ಎಲ್ಲರ ಮನೆಯಲ್ಲೂ ಹೋದೋರಿಗೆ ಎಡೆ ಇಟ್ರು. ನನ್ನ ಮಗಂಗೆ ಯಾರೂ ಇಡ್ಲಿಲ್ಲ. ಇದ್ದೋರ ಪಂಕ್ತಿಯಲ್ಲೂ ಇಲ್ಲ, ಹೋದೋರ ಪಂಕ್ತಿಯಲ್ಲೂ ಇಲ್ಲ. ಅವ ಎಲ್ಲಿ ಉಣ್ಬೇಕು? ನಾ ಇನ್ನು ಹೆಚ್ಚು ದಿನ ಇರೂದಿಲ್ಲ. ಒಂದು ತುತ್ತು ಇಡ್ಲಿಕ್ಕೆ ಬಿಡು."

ಅತ್ತೆ ಎದ್ದಳು. ಒಳಗೆ ಹೋಗಿ ಮುಖ ತೊಳೆದು ಬಂದು, ನನ್ನ ಕೈ ಹಿಡಿದುಕೊಂಡು ಗಣಪಣ್ಣನ ಮನೆಗೆ ನಡೆದಳು. ಅವನು ಮತ್ತೆ ಕಡಲಿಗೆ ಹೋಗಿರಲಿಲ್ಲ, ಅಂಗಳದಲ್ಲಿ ಸುಮ್ಮನೆ ಕೂತಿದ್ದ. "ಗಣಪಣ್ಣ, ಅವತ್ತು ನಾ ಕೇಳಿದ್ದು ತಪ್ಪು. ಇದ್ದಾರಲ್ದಾ ಅಂತ ಕೇಳ್ಬಾರ್ದಿತ್ತು. ಈಗ ಕೇಳ್ತೆ. ನೀವು ಎಂತ ಕಂಡಿದ್ರಿ?" ಎಂದಳು. ಗಣಪಣ್ಣ ಮುಖ ಮುಚ್ಚಿಕೊಂಡ. ಬೆರಳುಗಳ ಸಂದಿಯಿಂದಲೇ ಮಾತು ಹೊರಬಂತು. "ನನ್ನ ಬ್ಯಾರಲ್ಲಿಗೇ ಅವನೂ ಕೈ ಹಾಕಿದ್ದ, ತಂಗಿ. ಕಾಲು ಬಲೆಗೆ ಸಿಕ್ಕಿತ್ತು. ಬಲೆ ಕೆಳಗೆ ಎಳೀತಾ ಇತ್ತು, ಬ್ಯಾರಲ್ಲು ಮುಳುಗ್ತಾ ಇತ್ತು. ನನ್ನನ್ನ ಒಮ್ಮೆ ನೋಡ್ದ. ಮತ್ತೆ ತಾನೇ ಕೈ ಬಿಟ್ಟ. ಮೇಲೆ ಬರ್ಲಿಲ್ಲ." ಅತ್ತೆ ಅಲ್ಲಿ ಅಳಲಿಲ್ಲ. "ಆತು," ಎಂದಳು, ಅಷ್ಟೇ.

ಅಲ್ಲಿಂದ ನೇರ ಸೊಸೈಟಿಗೆ ಹೋಗಿ, ಹೇಳಿಕೆ ಬದಲಿಸಬೇಕು ಎಂದಳು. ಡೆಡ್ ಎಂದು ಬರೆದರೂ ಸಾಕು ಎಂದ ಸೆಕ್ರೆಟರಿ. "ಸಾಕಾಗೂದಿಲ್ಲ. ಅವರು ಮುಳುಗಿದ್ರು. ಹಾಗೇ ಬರೀರಿ," ಎಂದಳು. ಅವನು ಬರೆಯುವಾಗ ಒಂದೊಂದು ಅಕ್ಷರವನ್ನೂ ನಿಂತು ನೋಡಿದಳು.

ಅಮಾವಾಸ್ಯೆಯ ಮಧ್ಯಾಹ್ನ ದೇವಮ್ಮ, ಲೀಲತ್ತೆ ಇಬ್ಬರೂ ಬಾಳೆಎಲೆಯಲ್ಲಿ ಅನ್ನ, ವಡೆ, ಮಂಜುಮಾವನಿಗೆ ಇಷ್ಟವಾದ ಬಂಗಡೆಯ ತುಂಡು ಇಟ್ಟುಕೊಂಡು ಅಳಿವೆಯ ಮರಳಿಗೆ ಹೋದರು. ಹಿಂದೆ ಅಪ್ಪ, ಅಜ್ಜಿ, ನಾನು. ಎಡೆ ಇಟ್ಟು ದೂರ ಸರಿದು ಕೂತಾಗ ದೇವಮ್ಮ ಸೊಸೆಯ ಹಣೆಯ ಕಡೆ ನೋಡಿ, "ಕುಂಕುಮ ಇಟ್ಕಂಡ್ರೂ ನಂದೆಂತ ಅಡ್ಡಿ ಇಲ್ಲ. ಅವ ಹಸದಿರಬಾರ್ದು, ಅಷ್ಟೇ ನಂಗೆ," ಎಂದಳು. ಲೀಲತ್ತೆ ಎದ್ದು ನೀರಿನ ಅಂಚಿಗೆ ಹೋಗಿ, ಬಗ್ಗಿ, ಬೊಗಸೆಯಲ್ಲಿ ನೀರು ತುಂಬಿ ಮುಖ ತೊಳೆದಳು. ತಿರುಗಿ ಬಂದಾಗ ಅವಳ ಹಣೆ ಖಾಲಿಯಾಗಿತ್ತು. ಆಗ ಮುದುಕಿ ಮೊದಲ ಬಾರಿಗೆ ದೊಡ್ಡ ದನಿ ತೆಗೆದು ಅತ್ತಳು.

ಮುಂದಿನ ಮಳೆಗಾಲಕ್ಕೆ ಮೊದಲೇ ದೇವಮ್ಮ ತೀರಿಹೋದಳು. ಅತ್ತೆ ಪಾಠ ಮಾಡುವುದನ್ನು ಬಿಡಲಿಲ್ಲ. ಆದರೆ ಯಾವುದಾದರೂ ಮಗು ಎರಡು ಶಬ್ದ ಮುಂದಿಟ್ಟು ಯಾವುದು ಸರಿಯೆಂದು ಕೇಳಿದರೆ, "ಎರಡೂ ನಡೀತದೆ, ಯಾವುದಾದ್ರೂ ಬರಿ," ಎನ್ನುತ್ತಿದ್ದಳು. ನನಗೆ ಅವಳ ಬರಿ ಹಣೆಗಿಂತ ಹೆಚ್ಚು ಕಳವಳವಾಗುತ್ತಿದ್ದುದು ಆ ಮಾತು ಕೇಳಿ. ಅಜ್ಜಿ ಹೋದಳು, ಅಪ್ಪ ಹೋದ, ಹೆದ್ದಾರಿ ಅಗಲ ಮಾಡುವಾಗ ಮನೆ ಹೋಯಿತು. ಕೊನೆಯ ವರ್ಷಗಳಲ್ಲಿ ಅತ್ತೆ ಕುಮಟೆಯ ಹತ್ತಿರ ಹೊಳನಗದ್ದೆಯಲ್ಲಿರುವ ಈಗಿನ ನಮ್ಮ ಮನೆಯಲ್ಲಿದ್ದು, ಕಾಯಿಲೆಯಲ್ಲಿ ನರಳಿ, ನನ್ನ ಕೈಯಿಂದಲೇ ಗಂಜಿ ಕುಡಿದು ಕಣ್ಣು ಮುಚ್ಚಿದಳು.

ಈಗ ಪ್ರತಿ ಮಹಾಲಯಕ್ಕೆ ನಾನು ಕುಮಟೆಯ ದಂಡೆಗೆ ಎಲೆ ತೆಗೆದುಕೊಂಡು ಹೋಗುತ್ತೇನೆ. ಮಂಜುಮಾವನಿಗೆ, ಅವನ ತಾಯಿಗೆ, ಲೀಲತ್ತೆಗೆ ಬೇರೆ ಬೇರೆ ತುತ್ತು ಇಟ್ಟು ದೂರ ನಿಲ್ಲುತ್ತೇನೆ. ಕಾಗೆಗಳು ಬರುತ್ತವೆ, ಯಾರದು ಯಾವುದೆಂದು ನೋಡದೆ ತಿಂದು ಹೋಗುತ್ತವೆ.